ನಾನು ಆಡದ ಒಂದು ಮಾತು

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಚುರುಕಾಗುವ ಹೊತ್ತಿಗೆ ಆದೋನಿಯ ರಸ್ತೆಗಳಲ್ಲಿ ಹೆಗಲಿಗೆ ಕಾವಡಿಯಂಥ ಕಂಬಿ ಹೊತ್ತವರು ಕಾಣಿಸತೊಡಗುತ್ತಾರೆ. ರಾಯಚೂರು, ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ಜನ. ಯುಗಾದಿಯ ದಿನ ಮಲ್ಲಯ್ಯನ ಮುಂದೆ ನಿಂತಿರಬೇಕೆಂದು ಹೊರಟವರು. ಈ ಸಲವೂ ಊರ ಹೊರಗೆ ಅವರಿಗಾಗಿ ಹಾಕಿದ ಶಾಮಿಯಾನದಲ್ಲಿ ಕೂತು ಕಾಲಿನ ಗುಳ್ಳೆಗಳಿಗೆ ಔಷಧ ಹಚ್ಚುತ್ತಿದ್ದೆ. ಅಯೋಡಿನ್ನು, ಕೊಬ್ಬರಿ ಎಣ್ಣೆ, ಕಾದ ಡಾಂಬರಿನ ಮೇಲೆ ನಡೆದ ಪಾದದ ಬೆವರು, ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮನಸ್ಸು ಮಾತ್ರ ಮೂರು ವರ್ಷದ ಹಿಂದಿನ ಆ ವರ್ಷಕ್ಕೆ ಹೋಗಿ ನಿಂತಿತು. ಆ ವರ್ಷವನ್ನು ಒಳ್ಳೆಯ ವರ್ಷ ಅನ್ನಬೇಕೋ ಕೆಟ್ಟ ವರ್ಷ ಅನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಸರ್ಕಾರಿ ನರ್ಸು. ಹೊಳಗುಂದ, ದೇವನಕೊಂಡದ ಕಡೆಯ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ಹೆರಿಗೆ ಮಾಡಿಸಿದ್ದೇನೆ, ಕೂಸುಗಳಿಗೆ ಸೂಜಿ ಹಾಕಿದ್ದೇನೆ. ನಮ್ಮನೆಯವರು ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟರ್ ಆಗಿದ್ದರು. ನನ್ನ ನಿವೃತ್ತಿಗೆ ಇನ್ನು ಒಂದೂವರೆ ತಿಂಗಳಿದೆ ಎನ್ನುವಾಗ, ಮೇ ತಿಂಗಳ ಒಂದು ಮಧ್ಯಾಹ್ನ, ಮಿಲ್ಲಿನಿಂದ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ನಾನು ತಂಬಿಗೆ ತರುವಷ್ಟರಲ್ಲಿ ತಲೆ ವಾಲಿತ್ತು. ಅಷ್ಟು ವರ್ಷ ಊರವರ ನಾಡಿ ಹಿಡಿದವಳು ನಾನು. ಅವರ ಮಣಿಕಟ್ಟು ಹಿಡಿದಾಗ ಬಡಿಯುತ್ತಿರುವುದು ಅವರದೋ ನನ್ನದೋ ಗೊತ್ತಾಗಲಿಲ್ಲ. ಅವರದೇ ಎಂದುಕೊಂಡು ಬಹಳ ಹೊತ್ತು ಹಾಗೇ ಹಿಡಿದು ಕೂತಿದ್ದೆನಂತೆ. ಪಕ್ಕದ ಮನೆಯವರು ಬಂದು ಬಿಡಿಸಿದರು.

ಜೂನ್ ಕೊನೆಗೆ ಕೆಲಸವೂ ಮುಗಿಯಿತು. ಶಾಲು ಹೊದಿಸುತ್ತೇವೆ ಎಂದವರಿಗೆ ಬೇಡವೆಂದೆ. ಅದಾದ ಮೊದಲ ಬುಧವಾರ ಬೆಳಿಗ್ಗೆ ಎದ್ದು, ಜಡೆ ಹಾಕಿಕೊಂಡು, ಬ್ಯಾಗು ತೆಗೆದುಕೊಂಡು ಹೊಳಗುಂದದ ಬಸ್ಸು ಹತ್ತಿದ್ದೇನೆ. ಬುಧವಾರ ಸೂಜಿ ಹಾಕುವ ದಿನ. ಬಸ್ಸಿಳಿದು ಉಪಕೇಂದ್ರದ ಬಾಗಿಲಿಗೆ ಬಂದಾಗ ನನ್ನ ಕುರ್ಚಿಯಲ್ಲಿ ಹೊಸ ನರ್ಸು ಕೂತಿದ್ದಳು. ನಂದ್ಯಾಲದ ಕಡೆಯ ತೆಲುಗು ಹುಡುಗಿ. ಎದ್ದು ನಿಂತು ನನಗೆ ಬೇರೆ ಕುರ್ಚಿ ತರಿಸಿ ಚಹಾ ಕೊಟ್ಟಳು. ಸಾಲಿನಲ್ಲಿದ್ದ ತಾಯಂದಿರು ಯಾಕೆ ಬಂದಿರಿ ಎಂದು ಕೇಳಿದರು. ಸುಮ್ಮನೆ ನೋಡಿಕೊಂಡು ಹೋಗಲು ಬಂದೆ ಎಂದೆ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯಾಚೆ ಹೊಸ ಮಳೆಗೆ ಎದ್ದ ಜೋಳದ ಪೈರು ಹೋಗುತ್ತಿತ್ತು. ನನಗೆ ಅಳು ಬರಲಿಲ್ಲ. ಮನೆಗೆ ಹೋಗಿ ಯಾರಿಗೆ ಏನು ಹೇಳಬೇಕು ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಇಂಥದ್ದನ್ನೆಲ್ಲ ಕೇಳಿ ನಗುತ್ತಿದ್ದವರು ಅವರೊಬ್ಬರೇ.

ಇಲ್ಲಿ ಗೌರಕ್ಕನ ವಿಷಯ ಹೇಳಬೇಕು. ಆಕೆ ನಮ್ಮನೆಯವರ ಒಬ್ಬಳೇ ಅಕ್ಕ. ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ ಮನೆ, ಹೊಲ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಮಗ ಈರಣ್ಣ ಬೇಸಾಯ ನೋಡಿಕೊಳ್ಳುತ್ತಾನೆ. ನಮ್ಮ ಕಡೆ ಗಂಡನ ಅಕ್ಕನನ್ನು ತೆಲುಗಿನಂತೆ ವದಿನಾ ಎನ್ನುವ ಮನೆಗಳೇ ಹೆಚ್ಚು. ನಾನು ಮದುವೆಯಾಗಿ ಬಂದ ದಿನವೇ ಆಕೆ, ನನ್ನನ್ನು ಅಕ್ಕಾ ಅನ್ನು ಎಂದಿದ್ದಳು. ನನ್ನ ಮಗಳು ವಿಜಿ ಹುಟ್ಟಿದಾಗ ತೊಟ್ಟಿಲ ಪಕ್ಕ ಕೂತು, ಇದು ನಮ್ಮ ಈರಣ್ಣನ ಹೆಂಡತಿ ಎಂದವಳೂ ಆಕೆಯೇ. ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಅಕ್ಕನ ಮಗನಿಗೆ ತಮ್ಮನ ಮಗಳು, ಎಲ್ಲ ಮನೆಗಳಲ್ಲೂ ನಡೆದು ಬಂದದ್ದು. ವಿಜಿಗೆ ಹತ್ತೊಂಬತ್ತು ತುಂಬಿದಾಗ ನಾನು ಸೀರೆಗಳನ್ನು ನೋಡಿಟ್ಟಿದ್ದೆ. ಆಗೊಂದು ದಿನ ನಮ್ಮನೆಯವರು ನಾಗಲದಿನ್ನೆಗೆ ಹೋಗಿ ಬಂದು, ಅಕ್ಕನ ಮನಸ್ಸು ಬದಲಾಗಿದೆ, ಈರಣ್ಣನಿಗೆ ಬೇರೆ ಕಡೆ ಹೆಣ್ಣು ನೋಡಿದ್ದಾರೆ ಎಂದರು. ಯಾಕೆ ಎಂದು ಕೇಳಿದರೆ, ಬಿಡು ಎಂದರು.

ನಾನು ಬಿಡಲಿಲ್ಲ, ಒಳಗೇ ಇಟ್ಟುಕೊಂಡೆ. ನನ್ನ ಮಗಳಲ್ಲಿ ಏನು ಕೊರತೆ ಕಂಡಿತು ಇವರಿಗೆ ಎಂದು ಕುದಿದೆ. ಈರಣ್ಣನ ಮದುವೆಗೆ ಹೋಗಲಿಲ್ಲ. ಎರಡು ವರ್ಷದ ಮೇಲೆ ವಿಜಿಯ ಮದುವೆ ಕರ್ನೂಲಿನ ಹುಡುಗನ ಜೊತೆ ಆಯಿತು. ಗೌರಕ್ಕ ಬಂದು ಅಕ್ಕಿಕಾಳು ಹಾಕಿ, ಊಟಕ್ಕೂ ನಿಲ್ಲದೆ ಹೋದಳು. ಆಮೇಲೆ ಹದಿನೆಂಟು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ನಮ್ಮನೆಯವರು ಮಾತ್ರ ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದರು. ಅಕ್ಕ ಕೊಟ್ಟಳು ಎಂದು ಬದನೆಕಾಯಿಯೋ ಶೇಂಗಾವೋ ತಂದು ಅಡುಗೆಮನೆಯ ಬಾಗಿಲಲ್ಲಿಟ್ಟು ಸುಮ್ಮನಾಗುತ್ತಿದ್ದರು.

ಅವರು ಹೋದ ದಿನ ಗೌರಕ್ಕ ಬಂದಳು. ತಮ್ಮನ ಕಾಲ ಹತ್ತಿರ ಕೂತು ಅತ್ತಳು. ಹನ್ನೊಂದು ದಿನ ನಮ್ಮ ಮನೆಯಲ್ಲೇ ಇದ್ದಳು. ನನಗೆ ತಟ್ಟೆ ಹಾಕಿ ಮುಂದಿಡುವಳು, ಆದರೆ ಉಣ್ಣು ಎಂದು ಬಾಯಿಬಿಟ್ಟು ಹೇಳಳು. ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಹೋಗಿಬಿಟ್ಟಿದ್ದಳು.

ಮಳೆಗಾಲ ಹೇಗೆ ಕಳೆಯಿತೋ ನೆನಪಿಲ್ಲ. ದಸರೆಗೆ ವಿಜಿ ಬಂದು ಕರ್ನೂಲಿಗೆ ಕರೆದೊಯ್ದಳು. ಅವಳು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಗಂಡ ಶಾಲೆಯ ಮೇಷ್ಟ್ರು, ಮಗ ಎಂಟನೇ ಕ್ಲಾಸು. ಎಲ್ಲರೂ ನನ್ನನ್ನು ಗಾಜಿನ ಲೋಟದಂತೆ ನೋಡಿಕೊಂಡರು. ಅಡುಗೆಮನೆಗೆ ಹೋದರೆ, ಅಮ್ಮಾ ನೀ ಕೂತ್ಕೊ ಎನ್ನುವರು. ಕೂತರೆ, ಟಿವಿ ಹಾಕಲೇ ಎಂದು ಕೇಳುವರು. ದೀಪಾವಳಿಯಾದ ಮೇಲೆ, ಮನೆಗೆ ಧೂಳು ಹಿಡಿದಿರುತ್ತದೆ ಎಂದು ನೆಪ ಹೇಳಿ ಆದೋನಿಗೆ ಬಂದೆ. ಬಂದ ಮೇಲೆ ಆ ಮನೆಯೂ ನನ್ನದು ಅನ್ನಿಸಲಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂರುವುದು, ಎಮ್ಮಿಗನೂರಿನ ಬಸ್ಸು ಸಿಕ್ಕರೆ ಎಮ್ಮಿಗನೂರು, ಮಂತ್ರಾಲಯದ ಬಸ್ಸು ಸಿಕ್ಕರೆ ಮಂತ್ರಾಲಯ, ಮಧ್ಯಾಹ್ನಕ್ಕೆ ವಾಪಸು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕಂಡಕ್ಟರ್ ಕೇಳಿದಾಗ ಒಮ್ಮೊಮ್ಮೆ ಉತ್ತರ ತಟ್ಟನೆ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಮುಂಜಾನೆ ಫೋನು ಬಂತು. ಹದಿನೆಂಟು ವರ್ಷದ ಮೇಲೆ ಗೌರಕ್ಕ ನನ್ನೊಡನೆ ಆಡಿದ ಮೊದಲ ಮಾತು ಕ್ಷೇಮ ಸಮಾಚಾರವಾಗಿರಲಿಲ್ಲ.

"ಶ್ರೀಶೈಲಕ್ಕೆ ನಡಕೊಂಡು ಹೊಂಟೀನಿ. ತಮ್ಮ ಬರ್ತೀನಂದಿದ್ದ. ನಿನ್ನ ಕೆಲಸ ಮುಗಿದ ಮ್ಯಾಲ ಮೂರೂ ಮಂದಿ ಹೋಗೂಣು ಅಂದಿದ್ದ. ಅವ ಇಲ್ಲ. ನೀ ಬಾ."

ಮೂರೂ ಮಂದಿ ಎಂಬ ಮಾತು ಅವರು ನನ್ನ ಹತ್ತಿರ ಎತ್ತಿರಲೇ ಇಲ್ಲ. ಸಿಟ್ಟು ಬಂತೋ ಸಮಾಧಾನವಾಯಿತೋ ಹೇಳಲಾರೆ. ಬರುತ್ತೇನೆ ಎಂದು ಮಾತ್ರ ಹೇಳಿದೆ.

ನಾಗಲದಿನ್ನೆಯಿಂದ ಇಪ್ಪತ್ತು ಜನ ಹೊರಟೆವು. ಗೌರಕ್ಕನಿಗೆ ಎಪ್ಪತ್ತರ ಹತ್ತಿರ. ಆದರೂ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ. ನಸುಕಿಗೆ ಎದ್ದು ನಡೆಯುವುದು, ಬಿಸಿಲೇರಿದ ಮೇಲೆ ಎಲ್ಲಾದರೂ ನೆರಳಿನಲ್ಲಿ ಮಲಗುವುದು, ಮತ್ತೆ ಸಂಜೆ ನಡೆಯುವುದು. ದಾರಿಯುದ್ದಕ್ಕೂ ತೆಲುಗು ಹಳ್ಳಿಗಳವರು ಮಜ್ಜಿಗೆ, ಕಲ್ಲಂಗಡಿ ಹಿಡಿದು ಕಾಯುತ್ತಿದ್ದರು. ಕನ್ನಡದವರು ಬಂದರು, ಮಲ್ಲಯ್ಯನ ಬೀಗರು ಬಂದರು ಎನ್ನುತ್ತಿದ್ದರು. ಮಲ್ಲಯ್ಯನ ಹೆಂಡತಿ ಭ್ರಮರಾಂಬೆ ನಮ್ಮ ಕಡೆಯ ಮಗಳೆಂದೇ ನಂಬಿಕೆ. ಅದಕ್ಕೆ ಹೆಂಗಸರೆಲ್ಲ ಗಂಟಿನಲ್ಲಿ ಕುಬಸದ ಕಣ, ಬಳೆ, ಅರಿಸಿನ ಕಟ್ಟಿಕೊಂಡಿದ್ದರು.

ಅಭ್ಯಾಸಕ್ಕೆ ನಾನು ಹಳೆಯ ಔಷಧದ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡಿದ್ದೆ. ಎರಡನೆಯ ದಿನ ಎಮ್ಮಿಗನೂರು ದಾಟಿದ ಮೇಲೆ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ರಸ್ತೆಬದಿಯಲ್ಲಿ ಕೂತು ಅಂಗಾಲಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಿದ್ದಳು. ಗುಳ್ಳೆಗೆ ಸೂಜಿ ತಾಗಿಸಿ ನೀರು ತೆಗೆದು ಪಟ್ಟಿ ಕಟ್ಟಿದೆ. ಸಂಜೆ ನಾವಿಳಿದ ಶಾಲೆಯ ಅಂಗಳದಲ್ಲಿ ನನ್ನ ಮುಂದೆ ಹತ್ತು ಹನ್ನೆರಡು ಜೋಡಿ ಕಾಲುಗಳಿದ್ದವು. ಮರುದಿನದಿಂದ ನಾನು ಎಲ್ಲರಿಗೂ ನರ್ಸಮ್ಮ. ಯಾರ ಯಾರದೋ ಕಾಲು ಹಿಡಿದು, ಇವತ್ತು ನಡೀಬ್ಯಾಡ್ರಿ, ಟ್ರ್ಯಾಕ್ಟರ್ ಟ್ರಾಲಿ ಹತ್ರಿ ಎಂದು ಗದರಿಸುತ್ತಿದ್ದೆ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ಗೋಡೆಗೊರಗಿದರೆ ನಿದ್ದೆ. ಕರ್ನೂಲು ದಾಟುವಾಗ ಯಾರೋ ಏನೋ ಹೇಳಿದ್ದಕ್ಕೆ ನಾನು ಜೋರಾಗಿ ನಕ್ಕುಬಿಟ್ಟೆ. ನಗು ಕೇಳಿ ಗೌರಕ್ಕ ಹಿಂತಿರುಗಿ ನೋಡಿದಳು. ಗಂಡ ಸತ್ತು ಹತ್ತು ತಿಂಗಳು. ಅವಳ ತಮ್ಮ ಸತ್ತು ಹತ್ತು ತಿಂಗಳು. ಹೀಗೆ ನಗಬಹುದೋ ಬಾರದೋ ಎಂದು ಯಾರನ್ನು ಕೇಳಲಿ? ಆ ರಾತ್ರಿ ಉಣ್ಣದೆ ಮಲಗಿದೆ. ಮರುದಿನ ಮತ್ತೆ ಹೊಟ್ಟೆ ತುಂಬ ಉಂಡೆ.

ಆತ್ಮಕೂರು ದಾಟಿ ನಲ್ಲಮಲದ ಕಾಡು ಹೊಕ್ಕೆವು. ಕಲ್ಲಿನ ದಾರಿ, ಒಣಗಿದ ಎಲೆ, ನೀರಿಲ್ಲದ ಹಳ್ಳ. ಆವರೆಗೆ ಗೌರಕ್ಕ ನನ್ನೊಡನೆ ಆಡಿದ್ದು ಏಳು, ನಡಿ, ನೀರು ಕುಡಿ, ಇಷ್ಟೇ. ಆ ದಿನ ಆಕೆ ಹಿಂದೆ ಬೀಳತೊಡಗಿದಳು. ನೋಡಿದರೆ ಹಿಮ್ಮಡಿಯ ಚಪ್ಪಲಿ ಪಟ್ಟಿಗೆ ರಕ್ತ ಹತ್ತಿತ್ತು. ಎರಡು ದಿನದಿಂದ ಮುಚ್ಚಿಟ್ಟಿದ್ದಳು. ಒಂದು ಬಂಡೆಯ ಮೇಲೆ ಕೂರಿಸಿ, ಉಳಿದವರನ್ನು ಮುಂದೆ ಕಳಿಸಿ, ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತೊಳೆದೆ. ಅಯೋಡಿನ್ನು ಹಾಕಿದಾಗಲೂ ಆಕೆ ಹಾ ಎನ್ನಲಿಲ್ಲ. ಆಮೇಲೆ ಹೇಳಿದಳು:

"ಅವತ್ತ ನನ್ನ ಮಗನ್ನ ಒಲ್ಲೆ ಅಂದಿ. ಇವತ್ತ ನನ್ನ ಕಾಲು ತೊಡಿ ಮ್ಯಾಲ ಇಟಗೊಂಡು ಕುಂತೀದಿ. ನೀ ಎಂಥಾಕಿ ಅಂಬೋದು ನನಗ ತಿಳಿವಲ್ದು, ಶಾಂತಾ."

ನಾನು ಪಟ್ಟಿಯನ್ನು ಬಂಡೆಯ ಮೇಲಿಟ್ಟೆ. "ನಾ ಯಾವಾಗ ಒಲ್ಲೆ ಅಂದೀನ್ರಿ, ಅಕ್ಕಾ? ಒಲ್ಲೆ ಅಂದೋರು ನೀವು. ಬ್ಯಾರೆ ಕಡೆ ಹೆಣ್ಣು ನೋಡೀರಿ ಅಂತ ಇವರೇ ಬಂದು ಹೇಳಿದ್ರು."

"ತಮ್ಮ ನನ್ನ ಮುಂದ ಕುಂತು ಹೇಳ್ಯಾನ. ನಮ್ಮಾಕಿ ನರ್ಸು, ರಕ್ತ ಸಂಬಂಧದಾಗ ಕೊಡೂದು ಬ್ಯಾಡ ಅಂತಾಳ, ಹುಟ್ಟೋ ಕೂಸಿಗೆ ಚಲೋ ಅಲ್ಲ ಅಂತಾಳ ಅಂತ. ನೀ ಊರೂರಿಗೆ ಹೇಳಿಕೊಂಡು ತಿರುಗೋ ಮಾತ ಅದು. ನಾ ಹೆಂಗ ಸುಳ್ಳಂತ ತಿಳೀಲಿ?"

ನಾನು ಆ ಮಾತು ಆಡಿಲ್ಲ, ಸೀರೆ ಕೂಡ ನೋಡಿಟ್ಟಿದ್ದೆ ಎಂದು ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಆಕೆಯ ಮುಖ ಬಿಗಿಯಿತು. ನನ್ನ ತೊಡೆಯ ಮೇಲಿಂದ ಕಾಲು ತೆಗೆದುಕೊಂಡಳು.

"ಸತ್ತಾವನ ಮ್ಯಾಲ ಹಾಕಬ್ಯಾಡ," ಎಂದು ಹೇಳಿ ಕೋಲೂರಿಕೊಂಡು ಎದ್ದಳು.

ಅಲ್ಲಿಂದ ಒಂದೂವರೆ ದಿನ ಆಕೆ ಮುಂದೆ, ನಾನು ಹಿಂದೆ. ಭೀಮುನಿ ಕೊಳದ ಏರು ಮೆಟ್ಟಿಲು ಹತ್ತುವಾಗ ಕೈ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನಾನು ನಡೆಯುತ್ತ ಯೋಚಿಸುತ್ತಿದ್ದೆ. ಒಂದು ಸಲ, ಗೌರಕ್ಕ ಸುಳ್ಳು ಹೇಳುತ್ತಿದ್ದಾಳೆ ಅನ್ನಿಸುವುದು. ಇನ್ನೊಂದು ಸಲ, ನಾನೇ ಹಾಗೆ ಹೇಳಿ ಮರೆತಿದ್ದೇನೋ ಅನ್ನಿಸುವುದು. ಮೂರನೆಯದನ್ನು, ಎಂದರೆ ಅವರು ನಮ್ಮಿಬ್ಬರಿಗೂ ಬೇರೆ ಬೇರೆ ಸುಳ್ಳು ಹೇಳಿದ್ದರು ಎಂಬುದನ್ನು, ಯೋಚಿಸಲು ಹೋದರೆ ಕಾಲು ಎಡವುತ್ತಿತ್ತು. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದ ಮನುಷ್ಯ. ಒಂದು ಬೋಲ್ಟಿನ ಅಳತೆಯನ್ನೂ ಅಂದಾಜಿನಲ್ಲಿ ಹೇಳದವರು.

ಶ್ರೀಶೈಲದಲ್ಲಿ ದರ್ಶನದ ಸಾಲು ನಾಲ್ಕು ತಾಸು. ಸಾಲಿನ ಕಬ್ಬಿಣದ ಸರಳಿಗೆ ಒರಗಿ ನಿಂತ ಗೌರಕ್ಕ ಇದ್ದಕ್ಕಿದ್ದಂತೆ ಒಂದು ಹಳೆಯ ಕತೆ ತೆಗೆದಳು. ನಮ್ಮನೆಯವರು ಏಳೆಂಟು ವರ್ಷದವರಾಗಿದ್ದಾಗ ಹಬ್ಬದ ದಿನ ಊರಲ್ಲಿದ್ದ ಇಬ್ಬರು ಚಿಕ್ಕಮ್ಮಂದಿರೂ ಊಟಕ್ಕೆ ಕರೆದರಂತೆ. ಇಬ್ಬರಿಗೂ ಬರುತ್ತೇನೆ ಎಂದವರು, ಯಾರ ಮನೆಗೂ ಹೋಗದೆ ಹತ್ತಿ ರಾಶಿಯೊಳಗೆ ಅಡಗಿ ಕೂತರಂತೆ. ಸಂಜೆ ಹುಡುಕಿ ತೆಗೆದಾಗ ಹಸಿವೆಯಿಂದ ಬಾಯಿ ಒಣಗಿತ್ತಂತೆ.

"ಯಾರಿಗೂ ಬ್ಯಾಡ ಅನ್ನಲಿಕ್ಕೆ ಬರ್ತಿದ್ದಿಲ್ಲ ಅವಗ," ಎಂದಳು. "ನಿನ್ನೆಯಿಂದ ಅದೇ ವಿಚಾರ ಮಾಡ್ಲಿಕ್ಹತ್ತೀನಿ. ನಿನ್ನ ಮಾತು ಖರೇ ಇರಬೇಕು."

ನಾನು ಗೆದ್ದೆ ಅನ್ನಿಸಲಿಲ್ಲ. ಅಮ್ಮನವರ ಮುಂದೆ ಆಕೆ ತನ್ನ ಕುಬಸದ ಕಣವನ್ನೂ ಬಳೆಯನ್ನೂ ನನ್ನ ಕೈಗೇ ಕೊಟ್ಟು, ನೀನೇ ಇಡು ಎಂದಳು. ನಾನು ಇಟ್ಟು ಕೈಮುಗಿದೆ. ಏನು ಬೇಡಿಕೊಳ್ಳಬೇಕೆಂದು ತೋಚದೆ ಹಾಗೇ ನಿಂತಿದ್ದೆ. ಹಿಂದಿನವರು ತಳ್ಳಿದಾಗ ಮುಂದೆ ಸರಿದೆ.

ವಾಪಸು ಬಸ್ಸಿನಲ್ಲಿ ಬಂದೆವು. ಗೌರಕ್ಕ ಊರಿಗೆ ಹೋದಳು, ನಾನು ಕರ್ನೂಲಿನಲ್ಲಿ ಇಳಿದೆ. ವಿಜಿ ಲ್ಯಾಬಿನಿಂದ ಬಂದು ಹಿಟ್ಟು ನಾದುತ್ತಿದ್ದಳು. ಬಾಗಿಲಲ್ಲಿ ನಿಂತು, ಅಪ್ಪ ಅವತ್ತು ಈರಣ್ಣನ ಸಂಬಂಧ ಯಾಕೆ ಮುರಿದರು, ನಿನಗೇನಾದರೂ ಗೊತ್ತೇ ಎಂದು ಕೇಳಿದೆ. ನಾದುವ ಕೈ ನಿಧಾನವಾಯಿತು, ನಿಲ್ಲಲಿಲ್ಲ.

"ನಾನ ಅಪ್ಪಗ ಹೇಳಿದ್ದೆ, ಬ್ಯಾಡ ಅಂತ. ಈರಣ್ಣ ಮಾವನ ಜೋಡಿ ಹೊಳ್ಯಾಗ ಈಜು ಕಲಿತಾಕಿ ನಾನು. ಅವನ್ನ ಗಂಡ ಅಂದ್ಕೊಳ್ಳಾಕ ಆಗಲಿಲ್ಲ. ನನಗ ಓದಬೇಕಿತ್ತು. ನಿನಗ ಹೇಳಿದ್ರ ನೀ ಅಳ್ತಿದ್ದಿ, ಅತ್ತಿಗೆ ಹೇಳಿದ್ರ ಅತ್ತಿ ಅಳ್ತಿದ್ಲು. ಅಪ್ಪ, ನಾ ನೋಡ್ಕೋತೀನಿ, ನಿನ್ನ ಹೆಸರು ಬರಗೊಡಂಗಿಲ್ಲ ಅಂದ."

"ಹೆಂಗ ನೋಡ್ಕೊಂಡ್ರು ಅಂತ ಕೇಳಿದೇನು?"

"ಕೇಳಲಿಲ್ಲಮ್ಮ. ಕೇಳಬೇಕಿತ್ತು."

ಅವಳ ಕಣ್ಣು ತುಂಬಿತ್ತು. ನಾನು ಅವಳನ್ನು ಬೈಯಲಿಲ್ಲ. ಬೈಯುವಂಥದ್ದು ಅವಳು ಏನು ಮಾಡಿದ್ದಳು? ಮಗಳ ಹೆಸರು ಬರದಂತೆ ಕಾಯಲು ಹೆಂಡತಿಯ ಹೆಸರನ್ನು ಮುಂದಿಟ್ಟಿದ್ದರು ಅವರು. ಹದಿನೆಂಟು ವರ್ಷ ನಾಗಲದಿನ್ನೆಯಲ್ಲಿ ನಾನು ಸೊಕ್ಕಿನ ಹೆಂಗಸಾಗಿದ್ದೆ, ಆದೋನಿಯಲ್ಲಿ ಗೌರಕ್ಕ ಮಾತಿಗೆ ತಪ್ಪಿದವಳಾಗಿದ್ದಳು. ಇಬ್ಬರ ಮನೆಯಲ್ಲೂ ಉಂಡು ಬಂದವರು ಅವರೊಬ್ಬರೇ.

ಏಪ್ರಿಲ್ ಪೂರ್ತಿ ಅವರ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ. ಒಬ್ಬಳೇ ಅಡುಗೆಮನೆಯಲ್ಲಿ ಜೋರಾಗಿ ಜಗಳವಾಡುತ್ತಿದ್ದೆ. ಆದರೆ ಜಗಳದ ನಡುವೆ ಒಂದು ಮಾತು ಬಂದು ಅಡ್ಡ ನಿಲ್ಲುತ್ತಿತ್ತು. ದೇವನಕೊಂಡದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಹೆಂಗಸರಿಗೆ ಚಿತ್ರದ ಹಾಳೆ ತೋರಿಸಿ, ಹತ್ತಿರದ ಸಂಬಂಧದಲ್ಲಿ ಮದುವೆ ಮಾಡಬೇಡಿ, ಹುಟ್ಟುವ ಕೂಸುಗಳಿಗೆ ತೊಂದರೆ ಎಂದು ಹೇಳುತ್ತಿದ್ದಾಗ ಒಬ್ಬಳು ಎದ್ದು ನಿಂತು, ನಿಮ್ಮ ಮಗಳನ್ನು ಯಾರಿಗೆ ಕೊಡುತ್ತೀರಿ ಎಂದು ಕೇಳಿದ್ದಳು. ನಾನು ಹಾಳೆ ಮಡಚಿ, ಹೊತ್ತಾಯಿತು ಎಂದು ಬಸ್ಸಿಗೆ ಹೊರಟಿದ್ದೆ. ಮನೆಗೆ ಬಂದು ಇದನ್ನು ಅವರಿಗೆ ಹೇಳಿದ್ದೆ. ಅವರು ನಗಲಿಲ್ಲ, ಏನೂ ಅನ್ನಲೂ ಇಲ್ಲ. ನಾನು ಮನೆಯಲ್ಲಿ ಆಡಬೇಕಾಗಿದ್ದು, ಆಡದೆ ಉಳಿಸಿದ್ದು ಯಾವ ಮಾತೋ ಅದನ್ನೇ ಅವರು ನನ್ನ ಹೆಸರಿನಲ್ಲಿ ಅಕ್ಕನ ಮುಂದೆ ಆಡಿದ್ದರು. ಅದು ನನ್ನ ಮೇಲೆ ಹಾಕಿದ ಸುಳ್ಳೋ, ನನ್ನ ಬಗ್ಗೆ ಇಟ್ಟುಕೊಂಡ ಗೌರವವೋ? ಒಂದು ದಿನ ಹಾಗೆ, ಒಂದು ದಿನ ಹೀಗೆ ಕಾಣುತ್ತಿತ್ತು. ಕೇಳೋಣವೆಂದರೆ ಮನುಷ್ಯ ಇಲ್ಲ.

ಮೇ ತಿಂಗಳಲ್ಲಿ ವರ್ಷದ ಕಾರ್ಯ ಮಾಡಿದೆವು. ನಾಗಲದಿನ್ನೆಯಿಂದ ಗೌರಕ್ಕ, ಈರಣ್ಣ, ಅವನ ಹೆಂಡತಿ, ಆರನೇ ಕ್ಲಾಸಿನಲ್ಲಿದ್ದ ಮಗಳು ಬಂದಿದ್ದರು. ಅವರ ಸಮಾಧಿಯ ಗದ್ದುಗೆಗೆ ಹೂ ಏರಿಸಿ ಬಂದು, ಜಂಗಮ ಅಯ್ಯನೋರ ಊಟವಾದ ಮೇಲೆ ನಾವೆಲ್ಲ ಉಂಡೆವು. ವಿಜಿ ಗೌರಕ್ಕನ ಪಕ್ಕದಲ್ಲಿ ಕೂತು ಎಲ್ಲ ಹೇಳಿಕೊಂಡಿದ್ದಳು. ಗೌರಕ್ಕ ಅವಳ ತಲೆ ಸವರಿದ್ದಳಂತೆ. ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಈರಣ್ಣನೂ ವಿಜಿಯೂ ಚಿಕ್ಕಂದಿನ ಮಾತು ತೆಗೆದು ನಗುತ್ತಿದ್ದರು. ಅವರನ್ನೇ ನೋಡುತ್ತಿದ್ದ ಗೌರಕ್ಕ ಹೇಳಿದಳು:

"ಆಗಿದ್ದು ಆತು. ಇವರಿಬ್ರೂ ಈಗ ಅಣ್ಣ ತಂಗಿ ಇದ್ದಂಗ, ಮಕ್ಕಳಿಗೆ ವರಸಿ ಕೂಡ್ತೈತಿ. ನನ್ನ ಮೊಮ್ಮಗಳು ಅದಾಳ, ನಿನ್ನ ಮೊಮ್ಮಗ ಅದಾನ. ಈಗ್ಲೇ ಮಾತು ಇಟಗೊಂಡ್ರ ದೊಡ್ಡೋರಾದ ಮ್ಯಾಲ ಮದುವಿ ಮಾಡಬೋದು. ಏನಂತಿ, ಶಾಂತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ವಿಜಿ ತಲೆ ತಗ್ಗಿಸಿದಳು. ಹದಿನೆಂಟು ವರ್ಷ ಕಳೆದುಕೊಂಡಿದ್ದ ಅಕ್ಕ ಎರಡು ತಿಂಗಳ ಹಿಂದೆ ಸಿಕ್ಕಿದ್ದಳು. ಹೂಂ ಎಂದರೆ ಸಾಕಿತ್ತು. ಮಕ್ಕಳು ಬೆಳೆದ ಮೇಲೆ ಯಾರು ಕಂಡರು, ಆಗ ನೋಡಿಕೊಂಡರಾಯಿತು ಎಂದೂ ಮನಸ್ಸಿಗೆ ಬಂತು. ಅವರಿದ್ದಿದ್ದರೆ ಹಾಗೇ ಹೂಂ ಎಂದು, ಆಮೇಲೆ ಏನೋ ಒಂದು ದಾರಿ ಹುಡುಕುತ್ತಿದ್ದರು.

"ಬ್ಯಾಡ್ರಿ, ಅಕ್ಕಾ," ಎಂದೆ. "ರಕ್ತ ಸಂಬಂಧ ಬ್ಯಾಡ. ಹುಡುಗ್ರ ಮ್ಯಾಲ ಈಗಿಂದ ಮಾತು ಹಾಕೂದೂ ಬ್ಯಾಡ. ಇದು ನಾನ ಹೇಳಾಕ್ಹತ್ತಿದ್ದು. ನನ್ನ ಹೆಸರಲೆ ಬ್ಯಾರೆ ಯಾರೂ ಹೇಳವಲ್ರು."

ಈರಣ್ಣನ ಹೆಂಡತಿ ಮಗಳ ಕೈ ಹಿಡಿದುಕೊಂಡಳು. ಗೌರಕ್ಕ ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ಬಿಟ್ಟು ನನ್ನನ್ನು ನೋಡಿದಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು. ಬಾಯಿ ಮುಕ್ಕಳಿಸುವ ಸದ್ದು ಕೇಳಿತು. ಮತ್ತೆ ನಲ್ಲಿ ತಿರುಗಿಸುವ ಸದ್ದು. ಬಹಳ ಹೊತ್ತು ಬರಲಿಲ್ಲ. ಈಗ ಒಳಗೆ ಬಂದು ಗಂಟು ಎತ್ತಿಕೊಂಡು, ಈರಣ್ಣಾ ನಡಿ ಎನ್ನುತ್ತಾಳೆ ಎಂದುಕೊಂಡೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಎಂದೂ ಒಂದು ಕ್ಷಣ ಅನ್ನಿಸಿತು.

ಗೌರಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ತನ್ನ ಜಾಗದಲ್ಲೇ ಕೂತಳು. ಮೊಮ್ಮಗಳನ್ನು ಹತ್ತಿರ ಕರೆದು, ಜಡೆಯಿಂದ ಜಾರುತ್ತಿದ್ದ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕಟ್ಟುತ್ತಲೇ, ನನ್ನ ಕಡೆ ನೋಡದೆ ಕೇಳಿದಳು:

"ಹಂಗಾದ್ರ ಈಕಿನ್ನ ಏನು ಓದಸೂಣು? ನೀನ ಹೇಳು."